ಬಿಡತಕ್ಕದ್ದು

ನೀರುಮಾರ್ಗದ ಗುಡ್ಡೆಯ ಮೇಲೆ
ಎರಡೆಕ್ರೆ ಹನ್ನೆರಡು ಸೆಂಟ್ಸು.
ಟೋಟಲ್ ಸ್ಟೇಷನ್ನಿನ ಕಣ್ಣಿಗೆ ಬಿದ್ದದ್ದು
ಮೂವತ್ತೊಂದು ಗಡಿಬಿಂದು, ಒಂದು ತೋಡು, ಕರೆಂಟಿನ ಎರಡು ಕಂಬ,
ಕಲ್ಲು ಕಡಿದು ಬಿಟ್ಟ ಒಂದು ಹೊಂಡ.
ಮುಳಿಹುಲ್ಲಿನ ನಡುವೆ ಹಾವಿನ ಪೊರೆಯ ಹಾಗೆ ಬಿದ್ದಿದ್ದ ಕಾಲುದಾರಿ
ಕಾಣಲಿಲ್ಲ. ಅದಕ್ಕೆ ಕೋಡ್ ಇರಲಿಲ್ಲ.

ಆ ದಾರಿಯಲ್ಲೇ ಇಳಿದು ಬಂದಳು ವಾರಿಜಕ್ಕ,
ಸೊಂಟದಲ್ಲಿ ಬೀಡಿಯ ತಡ್ಪೆ.
ಹತ್ತೂವರೆಯೊಳಗೆ ಬ್ರಾಂಚಿಗೆ ಮುಟ್ಟಬೇಕು.
ನನ್ನ ಟ್ರೈಪಾಡಿನ ಮೂರು ಕಾಲೂ ಅವಳ ದಾರಿಯಲ್ಲಿ.
"ಎಂತ ಅಳೆಯುದು?"
"ಸೈಟು."
"ಹಾಗಾದ್ರೆ ನಾವು ಇನ್ನು ಸುತ್ತಿ ಹೋಗ್ಬೇಕಾ?"
ನಾನು ಪ್ರಿಸಂ ಹಿಡಿದ ಹುಡುಗನಿಗೆ ಕೈ ಬೀಸಿದೆ,
ಕೆಲಸ ಉಂಟು ಅನ್ನುವ ಹಾಗೆ.

ಕೊಡಿಯಾಲಬೈಲಿನ ಆಫೀಸಿನಲ್ಲಿ
ರಟ್ಟು ಕಿತ್ತ ಕೈಪಿಡಿ.
ತಿರುವಿನ ಸೈಟಿನ ಮೂಗು ಕತ್ತರಿಸತಕ್ಕದ್ದು,
ಬರುವ ಗಾಡಿ ಹೋಗುವ ಗಾಡಿಗೆ ಕಾಣಬೇಕಲ್ಲ.
ಪ್ರತಿ ಸೈಟಿಗೂ ರಸ್ತೆಯ ಮುಖ ಇರತಕ್ಕದ್ದು.
ಬ್ಲಾಕು ನೂರೈವತ್ತು ಮೀಟರು ಮೀರಿದರೆ
ನಡುವೆ, ನಡೆಯುವವರಿಗೆ, ಮೂರು ಮೀಟರು ಬಿಡತಕ್ಕದ್ದು.
ಮೀರದಿದ್ದರೆ
ಬಿಡಬಹುದು.

ನಮ್ಮ ಬ್ಲಾಕು ನೂರನಲವತ್ತನಾಲ್ಕು.
ಆಚೆ ಹನ್ನೆರಡು, ಈಚೆ ಹನ್ನೆರಡು,
ಜಗಳವಾಡಿ ಮಲಗಿದ ಗಂಡಹೆಂಡಿರ ಹಾಗೆ
ಬೆನ್ನಿಗೆ ಬೆನ್ನು.

"ಮೂರು ಮೀಟರಂದ್ರೆ ಎರಡೂವರೆ ಸೆಂಟ್ಸ್ ಮಾರಾಯ್ತಿ,"
ಮಥಾಯಸ್ ಸರ್ ಕ್ಯಾಲ್ಕುಲೇಟರನ್ನು ಮುಟ್ಟಲೂ ಇಲ್ಲ.
"ಸೆಂಟಿಗೆ ಆರು ಲಕ್ಷ. ಇದಿನಬ್ಬ ಹಾಜಿಯವರಿಗೆ ನೀನು ಹೇಳ್ತೀಯಾ?"
ಹೇಳಲಿಲ್ಲ.

ರಾತ್ರಿ ಆ ಒಂದು ಪದವನ್ನೇ ಬಿಡಿಸುತ್ತ ಕೂತೆ.
ತಕ್ಕದ್ದು ಅಂದರೆ ಅಪ್ಪಣೆ.
ತಕ್ಕದ್ದು ಅಂದರೆ ಒಪ್ಪುವಂಥದ್ದು ಕೂಡ:
ಗಾಯಕ್ಕೆ ತಕ್ಕ ಪಟ್ಟಿ, ಕಾಲಿಗೆ ತಕ್ಕ ಚಪ್ಪಲಿ.
ಸರಕಾರದ ಬಾಯಿಗೆ ಹೋದಮೇಲೆ
ಅದರ ಕೈಗೆ ಯಾವಾಗ ಕೋಲು ಬಂತೋ.

ಎಲ್ಲ ಲೇಔಟಿನಲ್ಲೂ ಪಾರ್ಕು ಅಂದರೆ ಮಾರಲಾಗದ ಮೂಲೆ,
ಟ್ರಾನ್ಸ್‌ಫಾರ್ಮರಿನ ಬದಿ, ದರೆಯ ಬುಡ.
ನಮ್ಮದೂ ಹೊಂಡದಲ್ಲೇ ಇತ್ತು,
ಇಪ್ಪತ್ತು ಸೆಂಟ್ಸು, ಹಸಿರು ಗೀಟು.
ಮೌಸಿನ ತುದಿಯಲ್ಲಿ ಅದನ್ನೆತ್ತಿ
ಬ್ಲಾಕಿನ ಸೊಂಟಕ್ಕೆ ತಂದು ಇಟ್ಟೆ.
ಸರಿಯಾಗಿ ವಾರಿಜಕ್ಕ ಇಳಿಯುವಲ್ಲಿ.
ಹನ್ನೆರಡು ಹೋಗಿ ಐದು, ಐದು.
ಉಳಿದ ನಾಲ್ಕು ಸೈಟು ಹೊಂಡಕ್ಕೆ ಇಳಿದವು,
ಅದರಲ್ಲಿ ಇಪ್ಪತ್ತನಾಲ್ಕನೆಯದು
ಮುಂದೆ ಅಗಲ, ಹಿಂದೆ ಸಪೂರ. ಸಿಂಹಮುಖಿ.

ಮಥಾಯಸ್ ಸರ್ ನೋಡಿದರು. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು.
"ಸೈಟು ಕಮ್ಮಿಯಾಗ್ಲಿಲ್ಲ ಅಲ್ವಾ?"
ಸಹಿ ಹಾಕಿದರು.
ಹಾಜಿಯವರು ಆ ಸಿಂಹವನ್ನು ಮೂರು ವರ್ಷ ಸಾಕಿ
ಕೊನೆಗೆ ಗ್ಯಾಸ್ ಏಜೆನ್ಸಿಯವನಿಗೆ ದಾಟಿಸಿದರಂತೆ,
ವ್ಯಾಪಾರಕ್ಕೆ ಒಳ್ಳೆಯದು ಅಂತ ಹೇಳಿ.

ಮೊನ್ನೆ ಬೇರೆ ಯಾವುದೋ ಸರ್ವೆಗೆ ಆ ಕಡೆ ಹೋಗಿದ್ದೆ.
ಪಾರ್ಕಿಗೆ ಕಂಪೌಂಡು ಬಂದಿದೆ.
ಗೇಟಿಗೆ ಬೀಗ, ಬೀಗದ ಮೇಲೆ ಬೋರ್ಡು:
ಸಂಜೆ ಐದರಿಂದ ಏಳು. ನಿವಾಸಿಗಳಿಗೆ ಮಾತ್ರ.
ನಕ್ಷೆಯಲ್ಲಿ ನಾನು ಪಾರ್ಕು ಎಂದು ಬರೆದಿದ್ದೆ.
ದಾರಿ ಎಂದು ಬರೆಯಲಿಲ್ಲ.

ಗೋಡೆ ಹಿಡಿದು ಸುತ್ತು ಹಾಕಿದೆ.
ಕೆಳಬದಿಯಲ್ಲಿ, ಒಂದು ಕಡೆ, ಮೇಲಿನ ಎರಡು ವರಸೆ ಕೆಂಪುಕಲ್ಲು ಇಲ್ಲ.
ಬಿದ್ದದ್ದಲ್ಲ. ಯಾರೋ ಎತ್ತಿ ಬುಡಕ್ಕಿಟ್ಟದ್ದು,
ಒಂದರ ಮೇಲೊಂದು, ಮೆಟ್ಟಿಲ ಹಾಗೆ.
ನಡು ಆಗಲೇ ಸವೆದಿದೆ.
ಸಂದಿಯಲ್ಲಿ ಬೀಡಿ ಎಲೆಯ ಒಂದು ಚೂರು.

ಟೇಪು ಬ್ಯಾಗಿನಲ್ಲಿತ್ತು. ತೆಗೆಯದೆ ಗೇಣು ಹಾಕಿದೆ.
ಮೂರು ಗೇಣು, ಮೇಲೆ ನಾಲ್ಕು ಬೆರಳು.
ಯಾವ ಕೈಪಿಡಿಯಲ್ಲೂ ಇಲ್ಲದ ಅಳತೆ.
ತಡ್ಪೆ ಓರೆಯಾಗದ ಹಾಗೆ
ಒಬ್ಬಳು ದಾಟಲು
ತಕ್ಕದ್ದು.